ಕಾರಿನ ಇಮೊಬಿಲೈಸರ್ ಮಾಡ್ಯೂಲ್ ಮನೆಯಲ್ಲೇ ಬದಲಿಸುವುದು ಹೇಗೆ: ಬಿಚ್ಚುವುದಕ್ಕಿಂತ ಮುಂಚೆ ನೋಡಬೇಕಾದ್ದೇ ಜಾಸ್ತಿ

ಸೆಲ್ಫ್ ಚೆನ್ನಾಗೇ ಹೊಡೆಯುತ್ತದೆ, ಗಾಡಿ ಮಾತ್ರ ಸ್ಟಾರ್ಟ್ ಆಗುವುದಿಲ್ಲ. ಮೀಟರಿನಲ್ಲಿ ಕೀ ಚಿತ್ರದ ಲೈಟ್ ಪಿಳಿಪಿಳಿ ಅನ್ನುತ್ತಿದೆ. ಗ್ಯಾರೇಜಿಗೆ ಫೋನ್ ಮಾಡಿದರೆ ‘ಇಮೊಬಿಲೈಸರ್ ಹೋಗಿರಬೇಕು ಸಾರ್, ಟೋ ಮಾಡಿಸ್ಕೊಂಡು ಬಂದ್ಬಿಡಿ’ ಅನ್ನುತ್ತಾರೆ. ಗಾಡಿಗೆ ಹತ್ತು ಹದಿನೈದು ವರ್ಷ ಆಗಿದ್ದರೆ ಈ ಮಾತು ಒಂದಲ್ಲ ಒಂದು ದಿನ ನಿಮ್ಮ ಕಿವಿಗೂ ಬೀಳುತ್ತದೆ.

ಇಮೊಬಿಲೈಸರ್ ಅಂದರೆ ಗಾಡಿಯ ಸ್ವಂತ ಕೀ ಅಲ್ಲದೆ ಬೇರೆ ಕೀಯಲ್ಲಿ ಇಂಜಿನ್ ಸ್ಟಾರ್ಟ್ ಆಗದ ಹಾಗೆ ತಡೆಯುವ ಕಳ್ಳತನ ರಕ್ಷಣೆ. ಮೊದಲೇ ಹೇಳಿಬಿಡುತ್ತೇನೆ. ಮಾಡ್ಯೂಲ್ ಬಿಚ್ಚಿ ಹಾಕುವುದು ದೊಡ್ಡ ಕೆಲಸವೇ ಅಲ್ಲ. ಎರಡು ಮೂರು ಸ್ಕ್ರೂ, ಒಂದೋ ಎರಡೋ ಕಪ್ಲರ್ (ವೈರ್ ಸೇರಿಸುವ ಪ್ಲಾಸ್ಟಿಕ್ ಜೋಡಣೆ), ಅಷ್ಟೇ. ಕಷ್ಟ ಇರುವುದು ಅದರ ಹಿಂದೆ ಮತ್ತು ಮುಂದೆ. ನಿಜವಾಗಿ ಹೋಗಿರುವುದು ಮಾಡ್ಯೂಲೇನಾ ಅಂತ ಖಾತ್ರಿ ಮಾಡಿಕೊಳ್ಳಬೇಕು. ಹೊಸದು ಹಾಕಿದ ಮೇಲೆ ಅದಕ್ಕೂ ಕೀಗೂ ಇಸಿಯುಗೂ (ಇಂಜಿನ್ ನಡೆಸುವ ಕಂಪ್ಯೂಟರ್) ಪರಿಚಯ ಮಾಡಿಸಬೇಕು, ಇದಕ್ಕೇ ಪೇರಿಂಗ್ ಅನ್ನುತ್ತಾರೆ. ಈ ಎರಡನ್ನು ಬಿಟ್ಟು ಬರೀ ಸ್ಕ್ರೂ ಬಿಚ್ಚುವ ವಿಡಿಯೋ ನೋಡಿಕೊಂಡು ಕೂತರೆ, ದುಡ್ಡು ಕೊಟ್ಟು ತಂದ ಡಬ್ಬಿ ಕೈಯಲ್ಲಿರುತ್ತದೆ, ಗಾಡಿ ಅಲ್ಲೇ ನಿಂತಿರುತ್ತದೆ.

ಇದು ನಿಮ್ಮ ಹೆಸರಲ್ಲೇ ಆರ್‌ಸಿ ಇರುವ, ಲಾಕ್‌ಗೆ ಕೀ ಹಾಕಿ ತಿರುಗಿಸುವ ಗಾಡಿಗೆ ಬರೆದದ್ದು. ಬಟನ್ ಸ್ಟಾರ್ಟ್ ಗಾಡಿಗಳ ವಿಷಯ ಮಧ್ಯೆ ಒಂದೆರಡು ಮಾತಲ್ಲಿ ಬರುತ್ತದೆ.

ಇದು ಮಾಡುವ ಕೆಲಸ

ಕೀ ತಲೆಯ ಪ್ಲಾಸ್ಟಿಕ್ ಒಳಗೆ ಒಂದು ಸಣ್ಣ ಚಿಪ್ ಇರುತ್ತದೆ. ಟ್ರಾನ್ಸ್‌ಪಾಂಡರ್ ಅಂತ ಹೆಸರು, ಉದ್ದ ಸುಮಾರು ಒಂದು ಸೆಂಟಿಮೀಟರ್. ಅದಕ್ಕೆ ಸೆಲ್ ಬೇಡ. ಇಗ್ನಿಷನ್ ಲಾಕ್ ಸುತ್ತ ಕೂತಿರುವ ರಿಂಗ್ ಒಳಗೆ ತಾಮ್ರದ ಕಾಯಿಲ್ ಇದೆ. ಕೀ ಆನ್ ಮಾಡಿದ ತಕ್ಷಣ ಆ ಕಾಯಿಲ್ ಸಾಮಾನ್ಯವಾಗಿ 125 ಕಿಲೋಹರ್ಟ್ಜ್ ತರಂಗ ಬಿಡುತ್ತದೆ, ಚಿಪ್ ಆ ತರಂಗದಿಂದಲೇ ಕರೆಂಟ್ ತೆಗೆದುಕೊಂಡು ತನ್ನ ಗುರುತು ಹೇಳುತ್ತದೆ, ಮಾಡ್ಯೂಲ್ ಅದನ್ನು ಓದಿ ಇಸಿಯುಗೆ ದಾಟಿಸುತ್ತದೆ. ಲೆಕ್ಕ ಸರಿ ಬಂದರೆ ಇಸಿಯು ಪೆಟ್ರೋಲ್ ಮತ್ತು ಸ್ಪಾರ್ಕ್ ಬಿಡುತ್ತದೆ. ತಪ್ಪಿದರೆ ಕಟ್. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮಿಷನ್ ಇದ್ದ ಹಾಗೆ: ಕಾರ್ಡ್ ಕೈಯಲ್ಲಿದ್ದರೂ ಬೆರಳು ಮ್ಯಾಚ್ ಆಗದಿದ್ದರೆ ಅಕ್ಕಿ ಇಲ್ಲ.

ಹಾಗಾಗಿ ಈ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡೋಕೆ ಹೋಗಬೇಡಿ. ಬೀದಿಯವರೆಲ್ಲ ಸೇರಿ ‘ಇನ್ನೊಂದ್ಸಲ, ಇನ್ನೊಂದ್ಸಲ’ ಅಂತ ತಳ್ಳಿದರೂ ಇಸಿಯು ಒಪ್ಪದೆ ಇಂಜಿನ್ ಹತ್ತುವುದಿಲ್ಲ. ತಳ್ಳುವವರ ಬೆನ್ನು ನೋವಾಗುತ್ತದೆ, ಅಷ್ಟೇ.

ಯುರೋಪಿನ ಹೊಸ ಕಾರುಗಳಿಗೆಲ್ಲ 1998ರಿಂದ ಇದು ಕಡ್ಡಾಯವಾಯಿತು. ನಮ್ಮಲ್ಲಿ ಬಂದ ಮಾಡೆಲ್‌ಗಳಲ್ಲೂ ನಿಧಾನಕ್ಕೆ ಇದು ಸೇರಿಕೊಂಡಿತು. ಆದರೆ ಎಲ್ಲ ಕಂಪನಿಯವರೂ ಒಂದೇ ಜಾಗದಲ್ಲಿ ಇಟ್ಟಿಲ್ಲ, ಇದು ನಿಮಗೆ ಮೊದಲು ಗೊತ್ತಿರಬೇಕು. ಹ್ಯುಂಡೈನಲ್ಲಿ ಸ್ಮಾರ್ಟ್ರಾ ಅನ್ನುವ ಸಣ್ಣ ಪೆಟ್ಟಿಗೆ ಸ್ಟೀರಿಂಗ್ ಕೆಳಗೆ, ಕವರ್ ಒಳಗೆ ಇರುತ್ತದೆ. ಹೋಂಡಾದ ಎಷ್ಟೋ ಕಾರುಗಳಲ್ಲಿ ಕಾಯಿಲ್ ಮತ್ತು ಮಾಡ್ಯೂಲ್ ಒಟ್ಟಿಗೇ ಲಾಕ್ ಮೇಲೆ ಕೂತಿರುತ್ತವೆ. ಮಾರುತಿಯವರು ತಮ್ಮ ಸಿಸ್ಟಂಗೆ ಐಕ್ಯಾಟ್ಸ್ ಅನ್ನುತ್ತಾರೆ. ಫೋಕ್ಸ್‌ವ್ಯಾಗನ್, ಸ್ಕೋಡಾದ ಬಹಳಷ್ಟು ಮಾಡೆಲ್‌ಗಳಲ್ಲಿ ಅದು ಮೀಟರ್ ಕ್ಲಸ್ಟರ್ ಒಳಗೇ ಇದೆ. ಈಚಿನ ಗಾಡಿಗಳಲ್ಲಿ ಇಂಡಿಕೇಟರ್, ವೈಪರ್, ಡೋರ್ ಲಾಕ್ ಎಲ್ಲ ನೋಡಿಕೊಳ್ಳುವ ಬಿಸಿಎಂ ಒಳಗೆ ಸೇರಿಹೋಗಿದೆ. ನಿಮ್ಮದು ಕ್ಲಸ್ಟರ್ ಅಥವಾ ಬಿಸಿಎಂ ಒಳಗೆ ಇದ್ದರೆ ಬದಲಿಸುವ ಭಾಗ ಓದುವುದು ಬೇಡ, ಪರೀಕ್ಷೆ ಮಾಡುವ ಭಾಗ ಮಾತ್ರ ಓದಿ. ಅದನ್ನು ಬದಲಿಸಿದರೆ ಕಿಲೋಮೀಟರ್ ರೀಡಿಂಗ್‌ನಿಂದ ಹಿಡಿದು ಎಲ್ಲವನ್ನೂ ಕೋಡಿಂಗ್ ಮಾಡಬೇಕಾಗಬಹುದು, ಮನೆ ಮುಂದೆ ಕೂತು ಮಾಡುವ ಕೆಲಸ ಅಲ್ಲ ಅದು.

ಲೈಟ್ ಏನು ಹೇಳುತ್ತಿದೆ

ಕೀ ಆನ್ ಮಾಡಿದಾಗ ಇಮೊಬಿಲೈಸರ್ ಲೈಟ್ ಹತ್ತಿ, ಸ್ವಲ್ಪ ಹೊತ್ತಿಗೋ ಇಂಜಿನ್ ಸ್ಟಾರ್ಟ್ ಆದ ಮೇಲೋ ಆರಿದರೆ ಎಲ್ಲ ಸರಿ ಇದೆ ಅಂತ. ಮಿಣುಕುತ್ತಲೇ ಇದ್ದರೆ ಕೀ ಗುರುತು ಸಿಗುತ್ತಿಲ್ಲ ಅಂತ. ಲೈಟ್ ಹತ್ತುವುದೇ ಇಲ್ಲ ಅಂದರೆ ಮಾಡ್ಯೂಲಿಗೆ ಕರೆಂಟೇ ಬರುತ್ತಿಲ್ಲದಿರಬಹುದು, ಮೊದಲು ಫ್ಯೂಸ್ ನೋಡಿ. ಗಾಡಿ ಲಾಕ್ ಮಾಡಿ ಹೋದಾಗ ಡ್ಯಾಶ್‌ಬೋರ್ಡ್ ಮೇಲೆ ಮಿಣುಕುವ ಕೆಂಪು ಚುಕ್ಕಿ ಬೇರೆ, ಅದು ಕಂಪ್ಲೇಂಟ್ ಅಲ್ಲ.

ಕೆಲವು ಗಾಡಿಗಳಲ್ಲಿ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಕೆಲವು ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಟಪ್ ಅಂತ ಆಫ್ ಆಗುತ್ತವೆ. ಲೈಟ್ ಸರಿಯಾಗಿ ಆರುತ್ತಿದೆ, ಆದರೂ ಸ್ಟಾರ್ಟ್ ಆಗುತ್ತಿಲ್ಲ ಅಂದರೆ ಇಮೊಬಿಲೈಸರ್ ಬಿಟ್ಟು ಗಾಡಿಯ ಫ್ಯೂಯಲ್ ಪಂಪ್, ಕ್ರ್ಯಾಂಕ್ ಸೆನ್ಸರ್ ಕಡೆ ನೋಡಿ. ಓಡುತ್ತಾ ಓಡುತ್ತಾ ರಿಂಗ್ ರೋಡಲ್ಲಿ ನಿಂತುಹೋಯಿತು ಅಂದರೂ ಇದರ ಮೇಲೆ ಅನುಮಾನ ಬೇಡ. ಇಮೊಬಿಲೈಸರ್ ಕೇಳುವುದು ಸ್ಟಾರ್ಟ್ ಮಾಡುವಾಗ, ಓಡುವಾಗ ಅಲ್ಲ.

ಮಾಡ್ಯೂಲ್ ಮೇಲೆ ಅನುಮಾನ ಪಡುವ ಮುಂಚೆ

ಮೊದಲು ಎರಡನೇ ಕೀ ತನ್ನಿ. ಬೀರುವಿನಲ್ಲಿ ಗಾಡಿ ತಂದ ದಿನದಿಂದ ಮಲಗಿರುತ್ತದಲ್ಲ, ಅದೇ. ಅದರಲ್ಲಿ ಸ್ಟಾರ್ಟ್ ಆಯಿತಾ? ಹಾಗಾದರೆ ಮಾಡ್ಯೂಲ್ ಸರಿ ಇದೆ, ಹೋಗಿರುವುದು ಮೊದಲನೇ ಕೀ. ಇಷ್ಟಕ್ಕೇ ಅರ್ಧ ಜನರ ಸಮಸ್ಯೆ ಮುಗಿಯುತ್ತದೆ ಅಂತ ನನ್ನ ಅಂದಾಜು.

ಕೀ ಹಾಳಾಗುವ ಒಂದು ದಾರಿ ನಮ್ಮ ಕಡೆ ಬಹಳ ಸಾಮಾನ್ಯ. ಹಳೆ ಕೀ ಕವರ್ ಒಡೆದಿರುತ್ತದೆ, ಅಂಗಡಿಯಲ್ಲಿ ಮಡಚುವ ಫ್ಲಿಪ್ ಕೀ ಕವರ್ ಹಾಕಿಸುತ್ತಾರೆ. ಮಂಡ್ಯದಿಂದ ನಮ್ಮ ಚಿಕ್ಕಪ್ಪನ ಮಗ ಹೀಗೇ ಫೋನ್ ಮಾಡಿದ್ದ.

‘ಅಣ್ಣೋ, ಕೀಗೆ ಹೊಸ ಕವರ್ ಹಾಕ್ಸ್ದೆ ಕಣಣ್ಣ, ಆವಾಗ್ಲಿಂದ ಸ್ಟಾರ್ಟೇ ಆಯ್ತಿಲ್ಲ.’

‘ಹಳೇ ಕವರ್ ಎಲ್ಲೋ?’

‘ಅದ್ಯಾಕಣ್ಣ? ಅಂಗ್ಡೀಲೇ ಬುಟ್ ಬಂದೆ.’

ಚಿಪ್ ಇದ್ದದ್ದೇ ಆ ಹಳೇ ಕವರಿನಲ್ಲಿ. ರಿಮೋಟ್ ಬೋರ್ಡನ್ನು ಮಾತ್ರ ಹೊಸ ಕವರಿಗೆ ಹಾಕಿದ್ದರು. ರಿಮೋಟ್ ಕೆಲಸ ಮಾಡುತ್ತಿತ್ತು, ಡೋರ್ ತೆಗೆಯುತ್ತಿತ್ತು, ಹಾಗಾಗಿ ಕೀ ಮೇಲೆ ಯಾರಿಗೂ ಅನುಮಾನ ಬರಲಿಲ್ಲ. ಅಂಗಡಿಯವನ ಕಸದ ಡಬ್ಬಿಯಲ್ಲಿ ಹುಡುಕಿದಾಗ ಒಡೆದ ಕವರಿನ ಮೂಲೆಯ ಗೂಡಿನಲ್ಲಿ ಕಪ್ಪು ಚೂರೊಂದು ಹಾಗೇ ಕೂತಿತ್ತು. ಚಿಪ್ ಕೆಲವು ಕೀಗಳಲ್ಲಿ ಹೀಗೆ ಕಪ್ಪು ಚೂರು, ಕೆಲವದರಲ್ಲಿ ಸಣ್ಣ ಗಾಜಿನ ಕೊಳವೆ, ಕೆಲವದರಲ್ಲಿ ಬೋರ್ಡ್ ಮೇಲೇ ಇರುತ್ತದೆ. ಕವರ್ ಬದಲಿಸಿದವರು ಮೊದಲು ಕೀ ಬಿಚ್ಚಿ ಇದು ಇದೆಯಾ ನೋಡಿ. ಗಾಜಿನದ್ದಾದರೆ ಹುಷಾರು, ಚಾಕು ಹಾಕಿ ಕೀಳಿದರೆ ಚಟ್ ಅಂತ ಮುರಿಯುತ್ತದೆ.

ಇನ್ನೊಂದು ತಪ್ಪು ತಿಳಿವಳಿಕೆ ಇದೆ. ರಿಮೋಟ್ ಸೆಲ್ ಹೋದರೆ ಗಾಡಿ ಸ್ಟಾರ್ಟ್ ಆಗುವುದಿಲ್ಲ ಅನ್ನುತ್ತಾರೆ. ಕೀ ತಿರುಗಿಸುವ ಗಾಡಿಯಲ್ಲಿ ಹಾಗಿಲ್ಲ. ಪಶ್ಚಿಮವಾಹಿನಿಯಲ್ಲಿ ಜೇಬಲ್ಲಿ ಕೀ ಇಟ್ಟುಕೊಂಡೇ ಮುಳುಗು ಹಾಕಿದರೂ, ರಿಮೋಟ್ ಬೋರ್ಡ್ ಕೆಟ್ಟರೂ, ಚಿಪ್ ಸಾಮಾನ್ಯವಾಗಿ ಬದುಕಿಕೊಳ್ಳುತ್ತದೆ. ಬಟನ್ ಸ್ಟಾರ್ಟ್ ಗಾಡಿಯಲ್ಲಿ ಸೆಲ್ ಹೋದರೆ ಬಹಳಷ್ಟು ಮಾಡೆಲ್‌ಗಳಲ್ಲಿ ಫಾಬನ್ನು (ಜೇಬಲ್ಲಿಡುವ ರಿಮೋಟ್ ಕೀ) ಬಟನ್‌ಗೇ ತಾಗಿಸಿ ಹಿಡಿದು ಒತ್ತಬೇಕು. ಜಾಗ ಬೇರೆ ಇರಬಹುದು, ಓನರ್ಸ್ ಮ್ಯಾನುಯಲ್‌ನಲ್ಲಿ ಬರೆದಿರುತ್ತಾರೆ.

ಕೀ ಗೊಂಚಲು ನೋಡಿ. ಎರಡು ಗಾಡಿಯ ಚಿಪ್ ಕೀ ಒಂದೇ ರಿಂಗಿನಲ್ಲಿದ್ದರೆ ಒಂದರ ಮಾತು ಇನ್ನೊಂದಕ್ಕೆ ಅಡ್ಡ ಬರುತ್ತದೆ. ದಪ್ಪ ಲೋಹದ ಗಣಪತಿ ಕೀಚೈನ್ ಕಾಯಿಲ್ ಪಕ್ಕದಲ್ಲೇ ನೇತಾಡುತ್ತಿದ್ದರೂ ತೊಂದರೆ ಆಗಬಹುದು. ಒಂದೇ ಕೀ ಬಿಡಿಸಿಕೊಂಡು ನೋಡಿ.

ಆಮೇಲೆ ಬ್ಯಾಟರಿ. ಮಲ್ಟಿಮೀಟರ್ ಹಿಡಿದರೆ ಗಾಡಿ ನಿಂತಾಗ 12.6 ವೋಲ್ಟ್ ಆಸುಪಾಸು ಬರಬೇಕು. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಇಲ್ಲ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಬೀಳುತ್ತಿದ್ದರೆ ಸಣ್ಣ ಸಣ್ಣ ಮಾಡ್ಯೂಲ್‌ಗಳು ತಲೆ ಕೆಡಿಸಿಕೊಂಡು ಏನೇನೋ ಲೈಟ್ ತೋರಿಸುತ್ತವೆ. ಬ್ಯಾಟರಿ ಸರಿ ಮಾಡದೆ ಮುಂದಕ್ಕೆ ಹೋಗುವುದು ಸುಮ್ನೆ ಟೈಮ್ ವೇಸ್ಟು.

ಫ್ಯೂಸ್ ಬಾಕ್ಸ್ ಮುಚ್ಚಳದ ಒಳಗಡೆ ಯಾವುದು ಇಮೊಬಿಲೈಸರ್ ಫ್ಯೂಸ್ ಅಂತ ಬರೆದಿರುತ್ತದೆ. ಕೆಲವು ಗಾಡಿಗಳಲ್ಲಿ ಅದು ಮೀಟರ್ ಅಥವಾ ಇಸಿಯು ಫ್ಯೂಸ್ ಜೊತೆಗೇ ಸೇರಿರುತ್ತದೆ. ಕಣ್ಣಲ್ಲಿ ನೋಡಿ ಸರಿ ಇದೆ ಅನ್ನಬೇಡಿ, ಕೀ ಆನ್ ಇಟ್ಟು, ಮೀಟರಿನ ಕಪ್ಪು ಕಡ್ಡಿಯನ್ನು ಗಾಡಿಯ ಲೋಹಕ್ಕೆ ಹಿಡಿದು, ಕೆಂಪು ಕಡ್ಡಿಯನ್ನು ಫ್ಯೂಸಿನ ಒಂದೊಂದೇ ತುದಿಗೆ ತಾಗಿಸಿ, ಎರಡರಲ್ಲೂ 12 ವೋಲ್ಟ್ ಬರುತ್ತಾ ನೋಡಿ. ಹೋಗಿದ್ದರೆ ಅದೇ ಬಣ್ಣದ್ದು ಹಾಕಿ: 10 ಆಂಪಿಯರ್ ಕೆಂಪು, 15 ನೀಲಿ. ಹೊಸದೂ ಸುಟ್ಟರೆ ಎಲ್ಲೋ ಶಾರ್ಟ್ ಇದೆ, ದೊಡ್ಡ ಫ್ಯೂಸ್ ಹಾಕಿ ಜಾಣತನ ಮಾಡಬೇಡಿ.

ಇನ್ನು ನಮ್ಮ ಊರಿನದ್ದೇ ಎರಡು ಕಾರಣ. ಮೊದಲನೆಯದು ಇಲಿ. ಕಬ್ಬಿನ ಗದ್ದೆ, ಭತ್ತದ ಗದ್ದೆ ಪಕ್ಕದ ಮನೆಯಲ್ಲಿ ಗಾಡಿ ವಾರಗಟ್ಟಲೆ ನಿಂತರೆ ಡ್ಯಾಶ್‌ಬೋರ್ಡ್ ಕೆಳಗೆ ಇಲಿ ಸಂಸಾರ ಹೂಡುತ್ತದೆ. ಟಾರ್ಚ್ ಹಾಕಿ ಪೆಡಲ್ ಮೇಲ್ಗಡೆ ನೋಡಿ, ಹಿಕ್ಕೆ, ಹುಲ್ಲು, ಕಚ್ಚಿದ ವೈರಿನ ತಾಮ್ರ ಕಾಣುತ್ತದೆ. ಎರಡನೆಯದು ಆಯುಧ ಪೂಜೆ. ಹಿಂದಿನ ದಿನ ವಾಟರ್ ಸರ್ವಿಸ್ ಅಂತ ಪೈಪ್ ಹಿಡಿದು ಗಾಡಿ ಒಳಗೂ ನೀರು ಬಿಡುತ್ತಾರೆ. ಪೂಜೆ ದಿನ ಸ್ಟೀರಿಂಗ್, ಕೀ, ಲಾಕ್ ಎಲ್ಲಕ್ಕೂ ಅರಿಶಿನ ಕುಂಕುಮ. ಚಾಮುಂಡಿ ತಾಯಿ ಕಾಪಾಡಲಿ, ಆದರೆ ಒದ್ದೆ ಕುಂಕುಮ ಲಾಕ್ ತೂತಿನಲ್ಲಿ ಸೇರಿದರೆ ಕೀ ಪೂರ್ತಿ ಒಳಗೆ ಹೋಗದೆ ಬಿಗಿಯಾಗುತ್ತದೆ, ಕಪ್ಲರಿನ ಪಿನ್ ಮೇಲೆ ನೀರು ಕೂತರೆ ಹಸಿರು ಪಾಚಿ ಹಿಡಿಯುತ್ತದೆ. ಪಾಚಿ ಹಿಡಿದ ಕಪ್ಲರನ್ನು ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿದರೆ ಎಷ್ಟೋ ಸಲ ಕಥೆ ಅಲ್ಲಿಗೇ ಮುಗಿಯುತ್ತದೆ.

ಸ್ಕ್ಯಾನರ್ ಹಾಕಿಸಿ

ಫೋನಿಗೆ ಬ್ಲೂಟೂತ್‌ನಲ್ಲಿ ಸೇರುವ ಅಗ್ಗದ ಓಬಿಡಿ ಡಾಂಗಲ್ (ಗಾಡಿಯ ಸಾಕೆಟ್ಟಿಗೆ ಚುಚ್ಚುವ ಸಣ್ಣ ಸ್ಕ್ಯಾನರ್) ಇಸಿಯು ಬರೆದಿಟ್ಟ ಸಾಮಾನ್ಯ ದೋಷದ ಕೋಡ್‌ಗಳನ್ನು ಓದುತ್ತದೆ. ಪಿ0513 ಬಂದರೆ ಕೀ ಸರಿ ಇಲ್ಲ ಅಂತ, ಪಿ0633 ಬಂದರೆ ಇಸಿಯುಗೆ ಕೀ ಕಲಿಸಿಯೇ ಇಲ್ಲ ಅಂತ. ಕಂಪನಿಯವರ ಸ್ವಂತ ಕೋಡ್‌ಗಳಿಗೆ ಒಳ್ಳೆ ಸ್ಕ್ಯಾನರ್ ಬೇಕು. ಹ್ಯುಂಡೈನಲ್ಲಿ ಪಿ1690 ಅಂದರೆ ಸ್ಮಾರ್ಟ್ರಾ ಉತ್ತರ ಕೊಡುತ್ತಿಲ್ಲ, ಪಿ1691 ಅಂದರೆ ಕಾಯಿಲ್ ದೋಷ, ಪಿ1693 ಅಂದರೆ ಕೀ ಚಿಪ್ ಉತ್ತರ ಸರಿ ಇಲ್ಲ. ನೋಡಿ, ಈ ಮೂರರಲ್ಲಿ ಮೊದಲನೆಯದು ಮಾತ್ರ ಮಾಡ್ಯೂಲ್ ಕಡೆ ಬೆರಳು ತೋರಿಸುತ್ತದೆ. ಅದೂ ವೈರಿಂಗ್ ಸರಿ ಇದ್ದರೆ ಮಾತ್ರ.

ಮೈಸೂರಲ್ಲಿ ಮನೆಗೇ ಬಂದು ಸ್ಕ್ಯಾನ್ ಮಾಡುವ ಆಟೋ ಎಲೆಕ್ಟ್ರಿಷಿಯನ್‌ಗಳು, ಕೀ ಪ್ರೋಗ್ರಾಮಿಂಗ್ ಮಾಡುವವರು ಸಿಗುತ್ತಾರೆ. ಒಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ. ಕೊನೆಯಲ್ಲಿ ಪೇರಿಂಗ್‌ಗೂ ಅವರೇ ಬೇಕಾಗುತ್ತಾರೆ. ‘ನಾನು ಮಾಡ್ಯೂಲ್ ಹಾಕಿರ್ತೀನಿ, ನೀವು ಕೀ ಕಲಿಸಿಕೊಡಬೇಕು, ಈ ಮಾಡೆಲ್ ನಿಮ್ಮ ಸ್ಕ್ಯಾನರಲ್ಲಿ ಆಗುತ್ತಾ?’ ಅಂತ ಮಾಡೆಲ್, ವರ್ಷ, ಪೆಟ್ರೋಲೋ ಡೀಸೆಲ್ಲೋ ಹೇಳಿ ಕೇಳಿ. ‘ನೋಡೋಣ ಬಿಡಿ ಸಾರ್’ ಅಂದರೆ ಬೇರೆಯವರನ್ನು ಹುಡುಕಿ.

ಪಿನ್, ಪೇಪರ್, ಪಾರ್ಟು

ಬಹಳಷ್ಟು ಸಿಸ್ಟಂಗಳಲ್ಲಿ ಹೊಸ ಮಾಡ್ಯೂಲ್ ಕಲಿಸೋಕೆ ಗಾಡಿಯ ಪಿನ್ ಕೋಡ್ ಬೇಕು. ಹ್ಯುಂಡೈನಲ್ಲಿ ಅದು 6 ಅಂಕಿ. ಗಾಡಿ ತಂದಾಗ ಕೊಟ್ಟ ಕವರಿನಲ್ಲಿ ಕಾರ್ಡೋ, ಕೀ ನಂಬರಿನ ಲೋಹದ ಬಿಲ್ಲೆಯೋ ಇರಬಹುದು, ಹುಡುಕಿ. ಇಲ್ಲದಿದ್ದರೆ ಆರ್‌ಸಿ, ಆಧಾರ್, ಚಾಸಿಸ್ ನಂಬರ್ ತೆಗೆದುಕೊಂಡು ಶೋರೂಮಿನ ಸರ್ವಿಸ್ ಕೌಂಟರಿಗೆ ಹೋಗಿ ಕೇಳಿ. ಸೆಕೆಂಡ್ ಹ್ಯಾಂಡ್ ಗಾಡಿ ತಗೊಂಡು ಇನ್ನೂ ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿಲ್ಲ ಅಂದರೆ ಅಲ್ಲೇ ನಿಂತುಬಿಡುತ್ತೀರಿ, ಮೊದಲು ಅದು ಮಾಡಿಸಿ. ಅವರು ಮಾಲೀಕರಿಗಲ್ಲದೆ ಬೇರೆಯವರಿಗೆ ಕೊಡದಿರುವುದೇ ಸರಿ, ಅಲ್ವಾ?

ಪಿನ್ ಕೈಗೆ ಬರದೆ ಪಾರ್ಟ್ ಆರ್ಡರ್ ಮಾಡಬೇಡಿ. ಈ ಇಡೀ ಬರಹದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪಾರ್ಟ್ ತರುವಾಗ ಹಳೆ ಮಾಡ್ಯೂಲ್ ಮೇಲಿನ ನಂಬರನ್ನು ಕೊನೆಯ ಅಕ್ಷರದವರೆಗೂ ಹೊಂದಿಸಿ. ನೋಡೋಕೆ ಒಂದೇ ಥರ ಇರುತ್ತವೆ, ಒಳಗಿನ ಲೆಕ್ಕ ಬೇರೆ. ಬೆಂಗಳೂರಿನ ಜೆ.ಸಿ. ರೋಡ್‌ನಿಂದಲೋ ಗುಜರಿಯಿಂದಲೋ ಹಳೆಯದು ತರುವ ಯೋಚನೆ ಇದ್ದರೆ ಇನ್ನೊಮ್ಮೆ ಯೋಚಿಸಿ. ಇನ್ನೊಂದು ಗಾಡಿಗೆ ಕಲಿತ ಮಾಡ್ಯೂಲ್ ತನ್ನ ಹಳೆಯ ಪಿನ್ ಇಟ್ಟುಕೊಂಡಿರಬಹುದು, ಆ ಪಿನ್ ಇಲ್ಲದೆ ನಿಮ್ಮ ಗಾಡಿಗೆ ಒಗ್ಗುವುದಿಲ್ಲ. ಮೆಕ್ಯಾನಿಕ್‌ಗಳು ‘ವರ್ಜಿನ್ ಇದೆಯಾ’ ಅಂತ ಕೇಳುವುದು ಇದಕ್ಕೇ, ಅಂದರೆ ಯಾವ ಗಾಡಿಗೂ ಇನ್ನೂ ಕಲಿಸಿಲ್ಲದ್ದು. ಹೊಸದು ದುಬಾರಿ ಅನ್ನಿಸಬಹುದು, ಆದರೂ ನನ್ನ ಓಟು ಹೊಸದಕ್ಕೇ. ಬಿಲ್ ತಗೊಳ್ಳಿ. ಎಲೆಕ್ಟ್ರಿಕಲ್ ಪಾರ್ಟ್ ವಾಪಸ್ ತಗೊಳ್ಳಲ್ಲ ಅನ್ನುವ ಅಂಗಡಿಗಳೇ ಜಾಸ್ತಿ, ಮೊದಲೇ ಕೇಳಿಕೊಳ್ಳಿ.

ಕಾಯಿಲ್ ಬೇರೆ, ಮಾಡ್ಯೂಲ್ ಬೇರೆ ಇರುವ ಗಾಡಿಯಲ್ಲಿ ಕಾಯಿಲ್ ಒಂದೇ ಹೋಗಿದ್ದರೆ ಖುಷಿ ಪಡಿ. ಬರೀ ಕಾಯಿಲ್ ಬದಲಿಸಿದರೆ ಸಾಮಾನ್ಯವಾಗಿ ಪೇರಿಂಗ್ ಬೇಡ, ಪಿನ್ ಬೇಡ, ಏನೂ ಬೇಡ.

ಬಿಚ್ಚುವ ಕೆಲಸ

ಬೇಕಾದ್ದು: 10 ನಂಬರ್ ಸ್ಪ್ಯಾನರ್, ಸ್ಟಾರ್ ಸ್ಕ್ರೂಡ್ರೈವರ್ ದೊಡ್ಡದು ಸಣ್ಣದು, ಮಲ್ಟಿಮೀಟರ್, ಟಾರ್ಚ್, ಕವರ್ ಎಬ್ಬಿಸೋಕೆ ಹಳೆ ಎಟಿಎಂ ಕಾರ್ಡ್, ಸ್ಕ್ರೂ ಹಾಕಿಡೋಕೆ ಒಂದು ಬಟ್ಟಲು. ನೆರಳಲ್ಲಿ ನಿಲ್ಲಿಸಿ. ಮಕ್ಕಳನ್ನು ದೂರ ಇಡಿ, ಅರ್ಧ ಗಂಟೆ ಕೆಲಸಕ್ಕೆ ಅರ್ಧ ದಿನ ಬಿಡುವು ಇಟ್ಟುಕೊಳ್ಳಿ.

1. ಬಿಚ್ಚುವ ಮುಂಚೆಯೇ ಸ್ಟೀರಿಂಗ್ ನೇರ ಮಾಡಿ, ಕಿಟಕಿ ಒಂದನ್ನು ಇಳಿಸಿಡಿ. ಬ್ಯಾಟರಿ ತೆಗೆದ ಮೇಲೆ ಸೆಂಟ್ರಲ್ ಲಾಕ್ ಕೆಲಸ ಮಾಡುವುದಿಲ್ಲ. ಸ್ಟೀರಿಯೋಗೆ ಕೋಡ್ ಇದ್ದರೆ ಬರೆದಿಟ್ಟುಕೊಳ್ಳಿ.

2. ಕೀ ಆಫ್ ಮಾಡಿ ತೆಗೆದು ಜೇಬಿಗೆ ಹಾಕಿ. ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ, ಮತ್ತೆ ತಾಗದ ಹಾಗೆ ಬಟ್ಟೆ ಸುತ್ತಿ ಪಕ್ಕಕ್ಕೆ ಬಗ್ಗಿಸಿ.

3. ಕಾಯಿರಿ. ಸ್ಟೀರಿಂಗ್‌ನಲ್ಲಿ ಏರ್‌ಬ್ಯಾಗ್ ಇದ್ದರೆ ಅದರ ಯೂನಿಟ್ ಒಳಗೆ ಚಾರ್ಜ್ ಉಳಿದಿರುತ್ತದೆ. ಹಲವು ಕಂಪನಿಗಳು ಕನಿಷ್ಠ 3 ನಿಮಿಷ ಕಾಯಿರಿ ಅನ್ನುತ್ತವೆ, ಹತ್ತು ನಿಮಿಷ ಬಿಟ್ಟರೆ ನಷ್ಟ ಏನಿಲ್ಲ, ಒಂದು ಕಾಫಿ ಕುಡಿದು ಬನ್ನಿ. 2019ರ ಜುಲೈ ನಂತರ ತಯಾರಾದ ಕಾರಾದರೆ ಡ್ರೈವರ್ ಏರ್‌ಬ್ಯಾಗ್ ಇದ್ದೇ ಇರುತ್ತದೆ. ಕವರ್ ಒಳಗೆ ಹಳದಿ ಕಪ್ಲರ್, ಹಳದಿ ಕೊಳವೆಯ ವೈರ್ ಕಂಡರೆ ಅದು ಏರ್‌ಬ್ಯಾಗಿನದು. ಅದನ್ನು ಬಿಚ್ಚಬೇಡಿ, ಎಳೆಯಬೇಡಿ, ಮೀಟರ್ ಕಡ್ಡಿಯನ್ನೂ ತಾಗಿಸಬೇಡಿ.

4. ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರಿನ ಸ್ಕ್ರೂಗಳು ಕೆಳಗಿನಿಂದ ಕಾಣುತ್ತವೆ. ಕೆಲವು ಗಾಡಿಗಳಲ್ಲಿ ಮುಂದುಗಡೆ ಎರಡು ಅಡಗಿರುತ್ತವೆ, ಕೀ ಹಾಕಿ ಸ್ಟೀರಿಂಗ್ ಲಾಕ್ ಬಿಡಿಸಿ ಎಡಕ್ಕೆ ಬಲಕ್ಕೆ ತಿರುಗಿಸಿದರೆ ಒಂದೊಂದೇ ಹೊರಗೆ ಬರುತ್ತವೆ. ಸ್ಕ್ರೂ ತೆಗೆದ ಮೇಲೆ ಮೇಲಿನ ಮತ್ತು ಕೆಳಗಿನ ಕವರ್ ಸೇರುವ ಗೆರೆಯಲ್ಲಿ ಕಾರ್ಡ್ ತೂರಿಸಿ ನಿಧಾನಕ್ಕೆ ಬಿಡಿಸಿ. ಟಕ್ ಅಂತ ಶಬ್ದ ಬಂದರೆ ಗಾಬರಿ ಬೇಡ, ಕ್ಲಿಪ್ ಬಿಟ್ಟಿದ್ದು. ಬಲವಂತ ಮಾಡಿದರೂ ಬರುತ್ತಿಲ್ಲ ಅಂದರೆ ಇನ್ನೊಂದು ಸ್ಕ್ರೂ ಉಳಿದಿದೆ ಅಂತ ಅರ್ಥ.

5. ಮುಟ್ಟುವ ಮುಂಚೆ ಫೋಟೋ. ವೈರ್ ಎಲ್ಲಿಂದ ಬಂದು ಎಲ್ಲಿ ಕಟ್ಟಿದೆ ಅಂತ ಎರಡು ಮೂರು ಕಡೆಯಿಂದ ತೆಗೆದುಕೊಳ್ಳಿ.

6. ಈಗ ಹೊಸದನ್ನು ಹಾಕುವ ಅವಸರ ಬೇಡ, ಕೊನೆಯ ಪರೀಕ್ಷೆ ಇದೆ. ಕಾಯಿಲ್ ಬೇರೆ ಕಪ್ಲರಿನಲ್ಲಿದ್ದರೆ ಅದನ್ನು ಬಿಚ್ಚಿ ಎರಡು ಪಿನ್ ಮಧ್ಯೆ ಓಮ್ಸ್ ನೋಡಿ. ಏನಾದರೂ ಸಣ್ಣ ಸಂಖ್ಯೆ ಬಂದರೆ ತಂತಿ ತುಂಡಾಗಿಲ್ಲ. ‘ಓಎಲ್’ ಅಂತ ತೋರಿಸಿದರೆ ಕಾಯಿಲ್ ತುಂಡಾಗಿದೆ, ನಿಮ್ಮ ಕಳ್ಳ ಸಿಕ್ಕ. ಕಾಯಿಲ್ ಸರಿ ಇದ್ದರೆ ಮಾಡ್ಯೂಲಿನ ಕಪ್ಲರ್ ಬಿಚ್ಚಿ, ಬ್ಯಾಟರಿ ಮತ್ತೆ ಸೇರಿಸಿ ಕೀ ಆನ್ ಮಾಡಿ, ಕಪ್ಲರಿನ ಕರೆಂಟ್ ಪಿನ್‌ನಲ್ಲಿ 12 ವೋಲ್ಟ್ ಇದೆಯಾ, ಅರ್ಥ್ ಪಿನ್‌ಗೂ ಬ್ಯಾಟರಿ ನೆಗೆಟಿವ್‌ಗೂ ಜೋಡಣೆ ಇದೆಯಾ ನೋಡಿ. ಯಾವ ಪಿನ್ ಯಾವುದು ಅನ್ನುವುದಕ್ಕೆ ನಿಮ್ಮ ಮಾಡೆಲಿನ ವೈರಿಂಗ್ ಡಯಾಗ್ರಂ ಬೇಕು, ಬಣ್ಣ ನೋಡಿ ಊಹಿಸಬೇಡಿ. ಟೆಸ್ಟ್ ಲ್ಯಾಂಪ್ ಬೇಡ, ಮೀಟರೇ ಇರಲಿ. ಲ್ಯಾಂಪ್ ಜಾಸ್ತಿ ಕರೆಂಟ್ ಎಳೆದು ಇಸಿಯು ಕಡೆಗೆ ಹೋಗುವ ಡೇಟಾ ವೈರಿನಲ್ಲಿ ಬೇರೆ ಅನಾಹುತ ಮಾಡಬಹುದು. ದಪ್ಪ ಕಡ್ಡಿ ತುರುಕಿ ಪಿನ್ ಅಗಲ ಮಾಡಬೇಡಿ, ಆಮೇಲೆ ಅದೇ ಲೂಸ್ ಕನೆಕ್ಷನ್ ಆಗುತ್ತದೆ.

ಕರೆಂಟ್ ಇಲ್ಲ, ಅಥವಾ ಅರ್ಥ್ ಇಲ್ಲ ಅಂದರೆ ಮಾಡ್ಯೂಲ್ ಅಮಾಯಕ. ವೈರ್ ಹಿಡಿದು ಹೋಗಿ ತುಂಡಾದ ಜಾಗ ಹುಡುಕಿ. ಕರೆಂಟ್, ಅರ್ಥ್, ಕಾಯಿಲ್, ಎರಡೂ ಕೀ ಸರಿ ಇದ್ದು, ಇಸಿಯುವರೆಗಿನ ಡೇಟಾ ವೈರೂ ತುಂಡಾಗಿಲ್ಲದೆ, ಸ್ಕ್ಯಾನರಲ್ಲಿ ಮಾಡ್ಯೂಲ್ ಉತ್ತರ ಕೊಡುತ್ತಿಲ್ಲ ಅಂದರೆ ಈಗ ಅದನ್ನು ಧೈರ್ಯವಾಗಿ ಬದಲಿಸಿ.

7. ಬ್ಯಾಟರಿ ಮತ್ತೆ ತೆಗೆದು, ಮತ್ತೆ ಅಷ್ಟೇ ಹೊತ್ತು ಕಾದು, ಹಳೇ ಮಾಡ್ಯೂಲಿನ ಸ್ಕ್ರೂ ಬಿಚ್ಚಿ ಹೊರಗೆ ತೆಗೆಯಿರಿ. ಕಪ್ಲರ್ ಬಿಡಿಸುವಾಗ ಲಾಕ್ ನಾಲಿಗೆ ಒತ್ತಿ ಕಪ್ಲರ್ ಹಿಡಿದು ಎಳೆಯಿರಿ, ವೈರ್ ಹಿಡಿದಲ್ಲ. ರಿಂಗ್ ಲಾಕ್ ಮೇಲೆ ಕೂತಿರುವ ಮಾಡೆಲ್ ಆದರೆ ಅದನ್ನು ನೇರವಾಗಿ ನಿಮ್ಮ ಕಡೆಗೆ ಜಾರಿಸಬೇಕು, ಓರೆ ಮಾಡಿದರೆ ಪ್ಲಾಸ್ಟಿಕ್ ಕಿವಿ ಮುರಿಯುತ್ತದೆ.

8. ಹೊಸದನ್ನು ಪ್ಯಾಕೆಟ್‌ನಿಂದ ತೆಗೆಯುವ ಮುಂಚೆ ಗಾಡಿಯ ಬಣ್ಣವಿಲ್ಲದ ಲೋಹವನ್ನು ಒಮ್ಮೆ ಮುಟ್ಟಿ, ಮೈಯಲ್ಲಿನ ಸ್ಟ್ಯಾಟಿಕ್ ಹೋಗಲಿ. ಪಿನ್‌ಗಳನ್ನು ಬೆರಳಲ್ಲಿ ಮುಟ್ಟಬೇಡಿ. ಕೂರಿಸಿ, ಕಪ್ಲರ್ ಕ್ಲಿಕ್ ಅನ್ನುವವರೆಗೂ ಒತ್ತಿ, ವೈರ್ ಮೊದಲಿದ್ದ ದಾರಿಯಲ್ಲೇ ಹೋಗಲಿ. ಕವರ್ ಈಗಲೇ ಹಾಕಬೇಡಿ.

ಪೇರಿಂಗ್: ನಿಜವಾದ ಕೆಲಸ ಇಲ್ಲಿದೆ

ಈಗ ಗಾಡಿ ಸ್ಟಾರ್ಟ್ ಆಗುವುದಿಲ್ಲ, ಆಗಬಾರದು ಕೂಡ. ಹೊಸ ಮಾಡ್ಯೂಲ್ ಹಾಕಿದ ತಕ್ಷಣ ಸ್ಟಾರ್ಟ್ ಆಗುವುದಾದರೆ ಕಳ್ಳರೂ ಒಂದೊಂದು ಮಾಡ್ಯೂಲ್ ಜೇಬಲ್ಲಿಟ್ಟುಕೊಂಡು ಬರುತ್ತಿದ್ದರು. ಸ್ಮಾರ್ಟ್ರಾದ ಹಳೆಯ ಕೆಲವು ಮಾದರಿಗಳಂತೆ ಮಾಡ್ಯೂಲ್ ಬರೀ ಓದಿ ದಾಟಿಸುವ ಕೆಲಸ ಮಾಡುತ್ತಿದ್ದರೆ ಮಾತ್ರ ಕಲಿಸದೆಯೇ ನಡೆಯಬಹುದು. ಬಹುತೇಕ ಗಾಡಿಗಳಿಗೆ ಕಲಿಸಲೇಬೇಕು.

ಪ್ರೋಗ್ರಾಮರ್ ಬರುವ ಹೊತ್ತಿಗೆ ಬ್ಯಾಟರಿ ಸೇರಿಸಿ, ಚಾರ್ಜರ್ ಹಾಕಿಟ್ಟಿರಿ. ಕಲಿಸುವ ಮಧ್ಯೆ ವೋಲ್ಟೇಜ್ ಬಿದ್ದರೆ ಇಸಿಯು ಅರ್ಧಕ್ಕೆ ನಿಂತು ದೊಡ್ಡ ತಲೆನೋವಾಗುತ್ತದೆ. 12.5ಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಎಸಿ, ಸ್ಟೀರಿಯೋ, ಹೆಡ್‌ಲೈಟ್ ಆಫ್ ಇರಲಿ, ಡೋರ್ ತೆಗೆದು ಹಾಕುತ್ತಾ ಇರಬೇಡಿ.

ಇರುವ ಎಲ್ಲ ಕೀಗಳನ್ನೂ ಒಟ್ಟಿಗೆ ತನ್ನಿ. ಒಂದು ಕೀ ಹೆಂಡತಿ ಹತ್ತಿರ ಆಫೀಸಿನಲ್ಲಿದೆ, ಆಮೇಲೆ ನೋಡೋಣ ಅಂದರೆ ಆಗುವುದಿಲ್ಲ. ಬಹಳಷ್ಟು ಸಿಸ್ಟಂಗಳಲ್ಲಿ ಹೊಸದಾಗಿ ಕಲಿಸುವಾಗ ಆ ಹೊತ್ತಿಗೆ ಎದುರಿಗಿಲ್ಲದ ಕೀ ಅಳಿಸಿಹೋಗುತ್ತದೆ.

ಮೆನುವಿನ ಹೆಸರು ಒಂದೊಂದು ಸ್ಕ್ಯಾನರಿನಲ್ಲಿ ಒಂದೊಂದು ಥರ, ಆದರೆ ಹೆಚ್ಚುಕಮ್ಮಿ ನಡೆಯುವುದು ಹೀಗೆ. ಕೀ ಆನ್ ಮಾಡಿ ಇಮೊಬಿಲೈಸರ್ ಮೆನುಗೆ ಹೋದರೆ ಇಸಿಯು ಮತ್ತು ಮಾಡ್ಯೂಲ್ ಸ್ಥಿತಿ ತೋರಿಸುತ್ತದೆ. ಹೊಸ ಮಾಡ್ಯೂಲ್ ಮುಂದೆ ‘ವರ್ಜಿನ್’, ಇಸಿಯು ಮುಂದೆ ‘ಲರ್ನ್ಟ್’ ಅಂತ ಬರಬೇಕು. ಮಾಡ್ಯೂಲ್ ಮುಂದೆಯೂ ‘ಲರ್ನ್ಟ್’ ಅಂತ ಬಂದರೆ ಹೊಸದು ಅಂತ ಹಳೆಯದು ಮಾರಿದ್ದಾರೆ, ಅಲ್ಲೇ ನಿಲ್ಲಿಸಿ ಸ್ಕ್ರೀನಿನ ಫೋಟೋ ತೆಗೆದು ಅಂಗಡಿಗೆ ಹೋಗಿ. ಎಲ್ಲ ಸರಿ ಇದ್ದರೆ ಪಿನ್ ಹಾಕಿ ಇಸಿಯುವನ್ನು ‘ನ್ಯೂಟ್ರಲ್’ ಮಾಡುತ್ತಾರೆ, ಅಂದರೆ ಹಳೆ ಗುರುತು ಮರೆಸುತ್ತಾರೆ. ಆಮೇಲೆ ಮತ್ತೆ ಪಿನ್ ಹಾಕಿ ಮೊದಲನೇ ಕೀ ಕಲಿಸುತ್ತಾರೆ. ಅದು ಆದ ಮೇಲೆ ಎರಡನೇ ಕೀ ಇದೆಯಾ ಅಂತ ಸ್ಕ್ಯಾನರ್ ಕೇಳುತ್ತದೆ, ಕೀ ಬದಲಿಸಿ ಆನ್ ಮಾಡಬೇಕು, ತಡ ಮಾಡಬಾರದು. ಸಾಮಾನ್ಯವಾಗಿ 4 ಕೀವರೆಗೆ ಜಾಗ ಇರುತ್ತದೆ.

ಪಿನ್ ಹಾಕುವಾಗ ಇಬ್ಬರು ನೋಡಿ, ಒಬ್ಬರು ಓದಿ ಒಬ್ಬರು ಒತ್ತಿ. ಹ್ಯುಂಡೈನಲ್ಲಿ ಸತತ ಮೂರು ಸಲ ತಪ್ಪಾದರೆ ಒಂದು ಗಂಟೆ ಲಾಕ್. ಬೇರೆ ಕಂಪನಿಗಳಲ್ಲೂ ಇಂಥದ್ದೇ ಶಿಕ್ಷೆ ಇರುತ್ತದೆ. ಒಂದು ಸಲ ತಪ್ಪಾಯಿತು ಅಂದರೆ ಸುಮ್ನೆ ಇನ್ನೊಂದು ಊಹೆ ಹಾಕಿ ನೋಡುವುದು ಬೇಡ, ಕಾಗದ ಮತ್ತೆ ನೋಡಿ. ಸೊನ್ನೆಯೋ ‘ಓ’ ಅಕ್ಷರವೋ, ಒಂದೋ ಏಳೋ ಅನ್ನುವ ಗೊಂದಲವೇ ಜಾಸ್ತಿ.

ಅಂಗಡಿಯಲ್ಲಿ ಮಾಡಿಸಿದ ಕ್ಲೋನ್ ಕೀ ಇದ್ದರೆ ಒಂದು ತೊಡಕು ಬರಬಹುದು. ಕ್ಲೋನ್ ಅಂದರೆ ಒರಿಜಿನಲ್ ಚಿಪ್ಪಿನದ್ದೇ ಗುರುತನ್ನು ಇನ್ನೊಂದಕ್ಕೆ ಬರೆದದ್ದು. ಸಿಸ್ಟಂ ಅದನ್ನು ‘ಈ ಕೀ ಆಗಲೇ ಕಲಿತಿದೆ’ ಅಂತ ಎರಡನೇ ಕೀಯಾಗಿ ಒಪ್ಪದೆ ಇರಬಹುದು. ಪ್ರೋಗ್ರಾಮರ್ ಹತ್ತಿರ ಹೊಸ ಚಿಪ್ ಇರುತ್ತದೆ, ‘ಐಡಿ 46 ಹಾಕ್ತೀನಿ ಸಾರ್’ ಅನ್ನುವ ಮಾತು ಕೇಳಿರಬಹುದು, ಅದು ಚಿಪ್ಪಿನ ಜಾತಿ. ನಿಮ್ಮ ಗಾಡಿಗೆ ಯಾವುದು ಅಂತ ಒರಿಜಿನಲ್ ಕೀ ಓದಿಸಿಯೇ ಹಾಕಿಸಿ.

ಮುಗಿದ ಮೇಲೆ ಕೀ ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟು, ಒಂದೊಂದು ಕೀಯಲ್ಲೂ ಬೇರೆ ಬೇರೆಯಾಗಿ ಸ್ಟಾರ್ಟ್ ಮಾಡಿ ನೋಡಿ. ಹಳೆ ಕೋಡ್‌ಗಳನ್ನು ಅಳಿಸಿ, ಮತ್ತೆ ಸ್ಕ್ಯಾನ್ ಮಾಡಿಸಿ. ರಿಮೋಟ್ ಕೆಲಸ ಮಾಡದಿದ್ದರೆ ಗಾಬರಿ ಬೇಡ, ಎಷ್ಟೋ ಗಾಡಿಗಳಲ್ಲಿ ರಿಮೋಟ್ ಕಲಿಸುವುದು ಬೇರೆ ಮೆನು, ಅವರು ಹೋಗುವ ಮುಂಚೆಯೇ ಮಾಡಿಸಿಕೊಳ್ಳಿ. ಇಷ್ಟಾದ ಮೇಲೆ ಕವರ್ ಹಾಕಿ. ಹಾಕಿದ ಮೇಲೆ ಸ್ಟೀರಿಂಗನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ, ಟಿಲ್ಟ್ ಇದ್ದರೆ ಮೇಲೆ ಕೆಳಗೆ ಮಾಡಿ, ಯಾವ ವೈರೂ ಸಿಕ್ಕಿಕೊಳ್ಳುತ್ತಿಲ್ಲ ಅಂತ ನೋಡಿ. ಏರ್‌ಬ್ಯಾಗ್ ಲೈಟ್ ಆರಿದೆಯಾ ಅಂತಲೂ ನೋಡಿ. ಗಡಿಯಾರ, ಪವರ್ ವಿಂಡೋದ ಆಟೋ ಸೆಟ್ಟಿಂಗ್ ಮತ್ತೆ ಮಾಡಿಕೊಳ್ಳಬೇಕಾಗಬಹುದು, ಐಡ್ಲಿಂಗ್ ಸ್ವಲ್ಪ ಹೊತ್ತು ಏರಿಳಿದು ಸರಿಹೋಗುತ್ತದೆ.

‘ಬೈಪಾಸ್ ಮಾಡ್ಕೊಡ್ತೀನಿ’ ಅಂದರೆ

ಪೇರಿಂಗ್ ಕಷ್ಟ ಅನ್ನಿಸಿದಾಗ ಯಾರಾದರೂ ಇದನ್ನು ಹೇಳಿಯೇ ಹೇಳುತ್ತಾರೆ. ಇಸಿಯುನಿಂದ ಇಮೊಬಿಲೈಸರ್ ಅಳಿಸಿಬಿಟ್ಟರೆ ಖರ್ಚೂ ಕಡಿಮೆ, ತಲೆನೋವೂ ಇಲ್ಲ ಅಂತ. ಬೇಡ ಅನ್ನಿ. ಅಮೆರಿಕದಲ್ಲಿ ಹ್ಯುಂಡೈ, ಕಿಯಾದ 2011ರಿಂದ 2021ರವರೆಗಿನ ಎಷ್ಟೋ ಗಾಡಿಗಳು ಇಮೊಬಿಲೈಸರ್ ಇಲ್ಲದೆ ಬಂದಿದ್ದವು. 2022ರ ಹೊತ್ತಿಗೆ ಹುಡುಗರು ವಿಡಿಯೋ ನೋಡಿಕೊಂಡು ಅವನ್ನು ಕದಿಯೋಕೆ ಶುರು ಮಾಡಿದರು, ಕೆಲವು ಇನ್ಶೂರೆನ್ಸ್ ಕಂಪನಿಗಳು ಕೆಲವು ಊರುಗಳಲ್ಲಿ ಆ ಗಾಡಿಗಳಿಗೆ ಹೊಸ ಪಾಲಿಸಿ ಕೊಡುವುದನ್ನೇ ನಿಲ್ಲಿಸಿದವು. ಕಳ್ಳತನದ ಕ್ಲೇಮ್ ಹಾಕುವ ದಿನ ಬಂದರೆ, ಕಂಪನಿ ಹಾಕಿದ್ದ ರಕ್ಷಣೆಯನ್ನು ನೀವೇ ತೆಗೆಸಿದ್ದೀರಿ ಅನ್ನುವ ಮಾತಿಗೆ ಉತ್ತರ ಕೊಡುವುದು ಕಷ್ಟ.

ಕ್ಲೇಮ್ ವಿಷಯ ಬಂತಲ್ಲ, ಒಂದು ಮಾತು. ಗಾಡಿ ಕಳುವಾದಾಗ ಇನ್ಶೂರೆನ್ಸ್‌ನವರು ಸಾಮಾನ್ಯವಾಗಿ ಎರಡೂ ಕೀ ಕೇಳುತ್ತಾರೆ. ಒಂದು ಕೀ ಕಳೆದುಹೋಗಿದ್ದರೆ ಪೊಲೀಸರಿಗೆ ದೂರು ಕೊಟ್ಟು ಪ್ರತಿ ಇಟ್ಟುಕೊಳ್ಳಿ. ಕಳೆದುಹೋದ ಕೀ ಅಳಿಸಿದೆ ಅಂತ ಪೇರಿಂಗ್ ದಿನವೇ ಪ್ರೋಗ್ರಾಮರ್ ಹತ್ತಿರ ಬಿಲ್‌ನಲ್ಲಿ ಬರೆಸಿಕೊಳ್ಳಿ. ಎಷ್ಟು ಕೀ ಕಲಿಸಿದೆ ಅಂತ ಸ್ಕ್ಯಾನರ್ ತೋರಿಸುತ್ತದೆ, ನಿಮ್ಮ ಕೈಯಲ್ಲಿರುವ ಕೀಗಳಿಗೂ ಆ ಸಂಖ್ಯೆಗೂ ತಾಳೆ ಆಗಬೇಕು. ಒಂದು ಜಾಸ್ತಿ ಬಂದರೆ ಅವರು ಹೊರಡುವ ಮುಂಚೆ ಅಳಿಸಿ ಮತ್ತೆ ಮಾಡಿಸಿ. ಪಿನ್ ಬರೆದ ಚೀಟಿಯನ್ನು ಗ್ಲೌ ಬಾಕ್ಸಿನಲ್ಲಿ ಇಡಬೇಡಿ, ಮಾಡ್ಯೂಲಿನ ಬಿಲ್ ಜೊತೆ ಮನೆಯ ಬೀರುವಿನಲ್ಲಿ ಇರಲಿ.